ಕ್ಯಾಬಿನ್ ಕಿಂಡಿ: ಒಂದು ಮಳೆ, ಎರಡು ಲೋಟ

ಕಳೆದ ಸಂಚಿಕೆಯಲ್ಲಿ ‘ಪ್ರೀತ್ಸೇ’ ಸಿನಿಮಾದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. 2000ದಲ್ಲಿ ಬಂದ ಚಿತ್ರ. 1993ರ ಹಿಂದಿ ‘ಡರ್’ ಕನ್ನಡಕ್ಕೆ ಬಂದದ್ದು ಹೀಗೆ. ಹುಡುಗಿ ಸೋನಾಲಿ ಬೇಂದ್ರೆ, ಅವಳು ಮೆಚ್ಚಿದವನು ಶಿವರಾಜ್‌ಕುಮಾರ್, ಅವಳ ಬೆನ್ನು ಬಿದ್ದವನು ಉಪೇಂದ್ರ. ‘ಎಲ್ಲರೂ ಉಪೇಂದ್ರನನ್ನು ನೋಡಿದರು, ಆ ಹುಡುಗಿಯ ಮುಖ ಯಾರೂ ನೋಡಲಿಲ್ಲ’ ಅಂತ ಬರೆದೆ. ಅಷ್ಟಕ್ಕೇ ಒಂದು ಕಟ್ಟು ಕಾಗದ ಬಂದಿದೆ. ಸಂಪಾದಕರು ರಬ್ಬರ್ ಬ್ಯಾಂಡ್ ಹಾಕಿ ಕಳಿಸಿದ್ದಾರೆ. ಹಾಗಾಗಿ ಈ ಸಲ ಬರೀ ಹುಚ್ಚು ಪ್ರೀತಿ, ಹೊಟ್ಟೆಕಿಚ್ಚು, ಅನುಮಾನ.

ಹೊಸ ಓದುಗರಿಗೆ ಒಂದು ಮಾತು. ನಾನು ತುಂಗೆಯ ದಡದ ಒಂದು ಟಾಕೀಸಿನಲ್ಲಿ 1980ರಿಂದ 29 ವರ್ಷ ಆಪರೇಟರ್ ಆಗಿದ್ದವನು. ಡಾಕ್ಟರ್ ಅಲ್ಲ, ವಿಮರ್ಶಕನೂ ಅಲ್ಲ. ಒಂದೇ ಸಿನಿಮಾವನ್ನು ದಿನಕ್ಕೆ ಮೂರು ಸಲ, ವಾರಗಟ್ಟಲೆ ನೋಡಿದವನು, ಅಷ್ಟೆ.

ಉಪೇಂದ್ರ ಮಾಡಿದ ಪಾತ್ರದಷ್ಟು ಪ್ರೀತಿಸುವವರು ಯಾರಿದ್ದಾರೆ ಆಪರೇಟರ್ ಮಾಮ? ಅವನಿಗೆ ಕೊನೆಗೆ ಏನೂ ಸಿಗಲಿಲ್ಲ. ನೀವೂ ಅವನನ್ನೇ ಬೈದಿರಿ.
— ಓದುಗ, ಸಾಗರ

ತಮ್ಮಾ, ನಾನು ಬೈದಿಲ್ಲ. ಉಪೇಂದ್ರ ಬಹಳ ಚೆನ್ನಾಗಿ ಮಾಡಿದ್ದಾರೆ. ತೊಂದರೆ ಇರುವುದೇ ಅಲ್ಲಿ.

ನಮ್ಮ ಟಾಕೀಸಿಗೆ ಶೀಟಿನ ಮಾಡು. ಸಾಗರದವರಿಗೆ ಮಳೆ ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ನಮ್ಮಂಥ ಸಣ್ಣ ಊರಿಗೆ ಆ ಸಿನಿಮಾದ ರೀಲಿನ ಪೆಟ್ಟಿಗೆ ಬರುವಷ್ಟರಲ್ಲಿ ಆರಿದ್ರಾ ಮಳೆ ಹತ್ತಿರ ಬಂದಿತ್ತು. ಮೊದಲ ಮೂರು ದಿನ ಬಿಡುವು ಕೊಟ್ಟಿತು. ಮಾತು, ಹಾಡು ಎಲ್ಲ ಸ್ಪಷ್ಟ. ಉಪೇಂದ್ರ ಬಂದಾಗಲೆಲ್ಲ ಗಾಂಧಿ ಕ್ಲಾಸಿನಲ್ಲಿ ಶಿಳ್ಳೆ. ಪ್ರೊಜೆಕ್ಟರ್ ಇರುವ ಕ್ಯಾಬಿನ್‌ನಲ್ಲಿ ನಾನೂ ಹಾಡು ಗುನುಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ನಾಲ್ಕನೇ ದಿನ ಸೆಕೆಂಡ್ ಶೋಗೆ ಮಳೆ ಹೊಡೆಯಿತು ನೋಡಿ. ಶೀಟಿನ ಮೇಲೆ ಜಲ್ಲಿ ಸುರಿದ ಹಾಗೆ. ವಾಲ್ಯೂಮ್ ಪೂರ್ತಿ ತಿರುಗಿಸಿದರೂ ಒಂದಕ್ಷರ ಕೇಳಿಸಲಿಲ್ಲ. ದೊಡ್ಡ ರೀಲು ಒಂದು ಓಡಲು ಸುಮಾರು ಇಪ್ಪತ್ತೆರಡು ನಿಮಿಷ ಬೇಕು. ಒಂದು ಇಡೀ ರೀಲು ಮೂಕಿಯಾಗಿ ಓಡಿತು.

ಮಾತಿಲ್ಲ. ಹಾಡಿಲ್ಲ. ಪಿಟೀಲಿಲ್ಲ. ಇನ್ನೇನು ಉಳಿಯಿತು? ಒಬ್ಬಳು ಹುಡುಗಿ ಹಿಂದೆ ತಿರುಗಿ ನೋಡುತ್ತಾಳೆ. ಒಬ್ಬ ಬರುತ್ತಾನೆ. ಅವಳು ಅಲ್ಲಿಂದ ಹೋಗುತ್ತಾಳೆ. ಹೋದಲ್ಲಿಗೂ ಅವನು ಬರುತ್ತಾನೆ. ಅವಳು ಮತ್ತೆ ತಿರುಗಿ ನೋಡುತ್ತಾಳೆ. ಅಷ್ಟೇ. ಗಾಂಧಿ ಕ್ಲಾಸಿನಿಂದ ಒಂದು ಶಿಳ್ಳೆ ಇಲ್ಲ. ಮಳೆಗೆ ಕೇಳಿಸಿರಲಿಕ್ಕಿಲ್ಲ ಅಂತೀರಿ. ಇರಬಹುದು. ಆದರೆ ಕಿಂಡಿಯಿಂದ ನನಗೆ ಕಾಣುವುದು ತಲೆಗಳು. ಶಿಳ್ಳೆ ಹೊಡೆಯುವವನ ತಲೆ ಸ್ವಲ್ಪ ಹಿಂದಕ್ಕೆ ವಾಲುತ್ತದೆ. ಅವತ್ತು ಯಾವ ತಲೆಯೂ ವಾಲಲಿಲ್ಲ.

ಅವನ ಪ್ರೀತಿ ಎಲ್ಲ ಮಾತು ಬರೆದವರ, ಟ್ಯೂನ್ ಹಾಕಿದವರ ಕೈಯಲ್ಲಿತ್ತು. ಮಳೆ ಅದನ್ನು ತೊಳೆದುಕೊಂಡು ಹೋಯಿತು. ಅವಳ ಹೆದರಿಕೆ ಮುಖದ ಮೇಲಿತ್ತು. ಅದು ಹೋಗಲಿಲ್ಲ.

ಇನ್ನು ಹೆಸರನ್ನೇ ನೋಡಿ. ‘ಪ್ರೀತ್ಸೇ’. ‘ಬಾರೇ’, ‘ಕೂರೇ’ ಅಂದ ಹಾಗೆ. ಕೇಳುವ ಮಾತಲ್ಲ ಅದು, ಅಪ್ಪಣೆ. ‘ಪ್ರೀತಿಸ್ತೀಯಾ?’ ಅಂತ ಇಟ್ಟಿದ್ದರೆ ಅವಳಿಗೆ ‘ಇಲ್ಲ’ ಅನ್ನಲು ಜಾಗ ಇರುತ್ತಿತ್ತು. ಆಗ ಅರ್ಧ ಗಂಟೆಗೇ ಸಿನಿಮಾ ಮುಗಿದು ಜನ ಟಿಕೆಟ್ ದುಡ್ಡು ವಾಪಸು ಕೇಳುತ್ತಿದ್ದರು, ಆ ಮಾತು ಬೇರೆ.

ಒಂದು ಸಲ ಮೊಬೈಲಿನಲ್ಲಿ ಸೌಂಡ್ ಆಫ್ ಮಾಡಿ ನೋಡಿ. ಆಮೇಲೆ ಬೇಕಾದರೆ ಜಗಳ ಆಡೋಣ.

ಪ್ರೀತಿಗೂ ಹುಚ್ಚಿಗೂ ವ್ಯತ್ಯಾಸ ಏನು? ಒಂದೇ ಸಾಲಿನಲ್ಲಿ ಹೇಳಿ.
— ಓದುಗ, ರಿಪ್ಪನ್‌ಪೇಟೆ

ಲಾಸ್ಟ್ ಬಸ್ಸಿಗೆ ಹತ್ತಿಸಿ ‘ಹೋಗಿ ಬಾ’ ಅನ್ನುವುದು ಪ್ರೀತಿ, ಬಸ್ಸಿನ ಟೈರಿನ ಗಾಳಿ ಬಿಡುವುದು ಇನ್ನೊಂದು.

‘ಸೈಕಲಾಜಿಕಲ್’ ಅಂದರೆ ನನ್ನ ವಿದ್ಯಾರ್ಥಿಗಳಿಗೆ ರಕ್ತ, ಚಾಕು, ಕೊನೆಗೊಂದು ತಿರುವು. ಮನಸ್ಸಿನ ಒಳಗನ್ನು ಸುಮ್ಮನೆ ಕೂತು ನೋಡುವ ಸಿನಿಮಾ ನಮ್ಮಲ್ಲಿ ಇರಲಿಲ್ಲವೇ?
— ಉಪನ್ಯಾಸಕಿ, ಶಿವಮೊಗ್ಗ

ಇತ್ತು ಮೇಡಂ. ಪುಟ್ಟಣ್ಣ ಕಣಗಾಲ್ ಇದ್ದರು. ತ್ರಿವೇಣಿಯವರ ಕಾದಂಬರಿಯಿಂದ ಮಾಡಿದ ‘ಶರಪಂಜರ’ 1971ರದು, ಅದನ್ನು ಎಲ್ಲರೂ ಹೇಳುತ್ತಾರೆ. ಈ ಸಲದ ವಿಷಯಕ್ಕೆ ನಾನು ಹೇಳುವುದು 1982ರ ‘ಮಾನಸ ಸರೋವರ’. ಶ್ರೀನಾಥ್ ಮನಸ್ಸಿನ ಡಾಕ್ಟರು. ಪದ್ಮಾ ವಾಸಂತಿ ಅವರ ರೋಗಿ. ಅವಳು ಗುಣವಾಗುತ್ತಾಳೆ. ಅಷ್ಟರಲ್ಲಿ ಡಾಕ್ಟರ ಮನಸ್ಸು ಅವಳ ಮೇಲೆ ಹೋಗಿರುತ್ತದೆ. ಅವಳ ಮನಸ್ಸು ರಾಮಕೃಷ್ಣ ಮಾಡಿದ ಹುಡುಗನ ಕಡೆ. ಕೊನೆಗೆ ಹುಚ್ಚು ಹಿಡಿಯುವುದು ಡಾಕ್ಟರಿಗೆ.

ಸಾಕಿದ ಗಿಣಿಯೇ ಹದ್ದಾಗಿ ಕುಕ್ಕಿತು ಅನ್ನುವ ಹಾಡು ನಿಮಗೂ ಬಾಯಿಪಾಠ ಇರಬೇಕು. ಅದು ಶುರುವಾದರೆ ಬಾಲ್ಕನಿಯಲ್ಲಿ ಸೆರಗು ಕಣ್ಣಿಗೆ, ಕೆಳಗೆ ಕರ್ಚೀಫು. ನಾನೂ ಅತ್ತಿದ್ದೇನೆ. ಪ್ರೊಜೆಕ್ಟರಿನ ಬಿಸಿಗೆ ಕಣ್ಣೀರು ಬೇಗ ಒಣಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಎಷ್ಟೋ ವರ್ಷ ಆದ ಮೇಲೆ, ಹಲ್ಲುಜ್ಜುತ್ತಾ ಇದ್ದಾಗ, ಒಂದು ಪ್ರಶ್ನೆ ಬಂತು. ಅವಳು ಗಿಣಿ ಹೇಗಾದಳು? ರೋಗಿ ಅಲ್ವಾ? ಗುಣಪಡಿಸುವುದು ಅವನ ಕೆಲಸ ಅಲ್ವಾ? ನನ್ನ ಮುರಿದ ಕೈಗೆ ಪಟ್ಟಿ ಹಾಕಿದ ಡಾಕ್ಟರು, ‘ಇನ್ನು ಮೇಲೆ ಈ ಕೈ ನನ್ನದು’ ಅನ್ನಲಿಲ್ಲವಲ್ಲ.

ಪುಟ್ಟಣ್ಣನವರಿಗೆ ಇದು ಗೊತ್ತಿತ್ತು ಅಂತ ನನ್ನ ಅನಿಸಿಕೆ. ಅವರು ಹುಚ್ಚು ಹಿಡಿಸಿದ್ದು ಅವಳಿಗಲ್ಲ, ಸಾಕಿದೆ ಅಂದುಕೊಂಡವನಿಗೆ. ನಾವು ಹಾಡು ಕೇಳಿ ಪಾರ್ಟಿ ಬದಲಿಸಿದೆವು. ನಿಮ್ಮ ವಿದ್ಯಾರ್ಥಿಗಳಿಗೆ ತೋರಿಸಿ. ಹಾಡು ಮುಗಿದ ಮೇಲೆ ಅವರನ್ನು ಒಂದೇ ಪ್ರಶ್ನೆ ಕೇಳಿ: ಇದೇ ಕಥೆ ಅವಳು ಹೇಳಿದ್ದರೆ ಹಾಡಿನಲ್ಲಿ ಯಾವ ಹಕ್ಕಿ ಬರುತ್ತಿತ್ತು?

ಬರೀ ಗಂಡಸರ ಕಥೆಯೇ ಆಯಿತು. ಹೆಂಗಸರಿಗೆ ಈ ಹುಚ್ಚು ಹಿಡಿಯುವುದಿಲ್ಲವೇ?
— ನಿವೃತ್ತ ನೌಕರ, ಭದ್ರಾವತಿ

ಹಿಡಿಯುತ್ತದೆ ಸಾರ್. ಫ್ರೆಂಚ್ ನಿರ್ದೇಶಕ ಟ್ರೂಫೋ 1975ರಲ್ಲಿ ಅಂಥ ಒಬ್ಬಳ ಕಥೆ ಮಾಡಿದ್ದಾರೆ. ನಿಜವಾಗಿ ಬದುಕಿದ್ದವಳು, ಅಡೆಲ್. ದೊಡ್ಡ ಸಾಹಿತಿ ವಿಕ್ಟರ್ ಹ್ಯೂಗೋನ ಮಗಳು. ತನ್ನನ್ನು ಬೇಡ ಅಂದ ಒಬ್ಬ ಸೈನ್ಯದ ಅಧಿಕಾರಿಯ ಹಿಂದೆ ಸಮುದ್ರ ದಾಟಿ ಹೋಗುತ್ತಾಳೆ. ಅವನು ತನ್ನನ್ನು ಮದುವೆಯಾಗಿದ್ದಾನೆ ಅಂತ ಮನೆಗೆ ಸುಳ್ಳು ಕಾಗದ ಬರೆಯುತ್ತಾಳೆ. ಕೊನೆಯ ಹೊತ್ತಿಗೆ ಬಟ್ಟೆ ಹರಿದಿದೆ, ಬಿಸಿಲಲ್ಲಿ ಬೀದಿಯಲ್ಲಿ ನಡೆಯುತ್ತಿದ್ದಾಳೆ. ಅದೇ ಮನುಷ್ಯ ಎದುರಿಗೆ ಬರುತ್ತಾನೆ. ಹೆಸರು ಹಿಡಿದು ಕರೆಯುತ್ತಾನೆ. ಅವಳು ಅವನ ಗುರುತೇ ಹಿಡಿಯದೆ ದಾಟಿ ಹೋಗುತ್ತಾಳೆ.

ಮಗಳ ಲ್ಯಾಪ್‌ಟಾಪಿನಲ್ಲಿ ನೋಡಿದೆ. ಆ ಸೀನಿನಲ್ಲಿ ಎದ್ದು ಹೋಗಿ ನೀರು ಕುಡಿದು ಬಂದೆ. ಯಾರಿಗಾಗಿ ಇಷ್ಟೆಲ್ಲ ಮಾಡಿದಳೋ ಅವನೇ ಅವಳಿಗೆ ಬೇಕಾಗಿರಲಿಲ್ಲ. ತಲೆಯೊಳಗೆ ಒಬ್ಬನನ್ನು ಮಾಡಿಕೊಂಡಿದ್ದಳು, ಅವನು ಸಾಕಾಗಿತ್ತು.

ಫ್ರೆಂಚ್ ಬರುತ್ತದಾ ಅಂತ ಕೇಳಬೇಡಿ. ಭಾಷೆ ಗೊತ್ತಿಲ್ಲದೆ ಸಿನಿಮಾ ನೋಡುವುದನ್ನು ನಾನು ಕಲಿತದ್ದು ಹೆಗ್ಗೋಡಿನಲ್ಲಿ. ನೀನಾಸಂ ಚಿತ್ರಸಮಾಜ 1973ರಲ್ಲೇ ಶುರುವಾಗಿತ್ತು. ಅಡಿಕೆ ಸುಲಿದು ಕೈ ಕಪ್ಪಾದವರ ಪಕ್ಕ ಕೂತು ಜಗತ್ತಿನ ಸಿನಿಮಾ ನೋಡಿದ್ದೇನೆ.

ಅವಳು ಬೇಡ ಅಂದಿದ್ದಾಳೆ. ಆದರೆ ಸ್ಟೇಟಸ್‌ನಲ್ಲಿ ಹಾಕುವ ಹಾಡೆಲ್ಲ ನನಗೇ. ಮನಸ್ಸಿನಲ್ಲಿ ಇದೆ, ಬಾಯಿಬಿಟ್ಟು ಹೇಳುತ್ತಿಲ್ಲ. ಎಷ್ಟು ದಿನ ಕಾಯಲಿ?
— ಓದುಗ, ಶಿವಮೊಗ್ಗ

ಮೇಲಿನ ಉತ್ತರ ಇನ್ನೊಂದು ಸಲ ಓದಪ್ಪ. ಬೇಡ ಅಂದರೆ ಬೇಡ. ಆ ಸ್ಟೇಟಸ್ಸು ಅವಳ ನಂಬರ್ ಇರುವ ಇನ್ನೂರು ಜನರಿಗೂ ಕಾಣುತ್ತದೆ. ಎದುರಿನವರು ತನ್ನನ್ನು ಒಳಗೊಳಗೇ ಪ್ರೀತಿಸುತ್ತಿದ್ದಾರೆ, ಗುಟ್ಟಾಗಿ ಸನ್ನೆ ಕಳಿಸುತ್ತಿದ್ದಾರೆ ಅಂತ ಗಟ್ಟಿಯಾಗಿ ನಂಬುವ ಒಂದು ಕಾಯಿಲೆ ಇದೆ. ಕ್ಲೆರಾಂಬೋ ಅನ್ನುವ ಫ್ರೆಂಚ್ ಮನೋವೈದ್ಯರು 1921ರಲ್ಲೇ ಅದರ ಬಗ್ಗೆ ಬರೆದಿದ್ದಾರೆ. ನಿನಗೆ ಅದಿದೆ ಅಂತ ನಾನು ಹೇಳುತ್ತಿಲ್ಲ. ನಿನಗಿರುವುದು ಬರೀ ವಯಸ್ಸೇ ಇರಬಹುದು. ಒಂದು ತಿಂಗಳು ಅವಳ ಸ್ಟೇಟಸ್ ನೋಡಬೇಡ. ಆಗದೇ ಇದ್ದರೆ ಕೆಳಗೆ ಕೊಟ್ಟ 14416 ನಂಬರಿಗೆ ಫೋನ್ ಮಾಡು.

ಮದುವೆಯಾಗಿ ಆರು ವರ್ಷ. ರಾತ್ರಿ ಮನೆಯವರು ನನ್ನ ಫೋನ್ ತೆಗೆದು ನೋಡುತ್ತಾರೆ. ಪೇಟೆಗೆ ಹೋದರೆ ಗಂಟೆಗೆ ಮೂರು ಸಲ ಕರೆ. ‘ನಿನ್ನ ಮೇಲಿನ ಪ್ರೀತಿಗೆ ಕಣೇ’ ಅನ್ನುತ್ತಾರೆ. ಇದು ಸಿನಿಮಾ ಪ್ರಶ್ನೆ ಅಲ್ಲ, ಕ್ಷಮಿಸಿ ಅಣ್ಣ.
— ಓದುಗಿ, ಹೊಸನಗರ ತಾಲ್ಲೂಕು

ತಂಗಿ, ಇದಕ್ಕೆ ಎರಡು ದಿನ ತಗೊಂಡೆ. ಮನೆಯಲ್ಲಿ ಒಂದು ಮಾತು ಕೇಳಬೇಕಿತ್ತು, ಬರೆಯಲಾ ಅಂತ. ‘ಬರೀರಿ. ಕಡ್ಲೆಕಾಯಿ ವಿಷಯ ಬಿಡಬೇಡಿ’ ಅಂದಳು.

1984. ನಮಗೆ ಮದುವೆಯಾಗಿ ಒಂದು ವರ್ಷ. ಕ್ಯಾಬಿನ್ ಗೋಡೆಯಲ್ಲಿ ಪ್ರೊಜೆಕ್ಟರಿಗೆ ಒಂದು ಕಿಂಡಿ, ಆಪರೇಟರಿಗೆ ಒಂದು ಕಿಂಡಿ ಇರುತ್ತದೆ. ನಮ್ಮದು ಅಂಗೈ ಅಗಲ. ಅದು ಪರದೆ ನೋಡಲು ಇರುವುದು. ಇವಳು ಪಕ್ಕದ ಮನೆ ಅಕ್ಕನ ಜೊತೆ ಫಸ್ಟ್ ಶೋಗೆ ಬಂದು ಕೆಳಗೆ ಕೂತರೆ, ನಾನು ಪರದೆ ಬಿಟ್ಟು ಇವಳ ಜಡೆ ನೋಡುತ್ತಿದ್ದೆ. ಆಗ ಕಾರ್ಬನ್ ಮಿಷನ್. ಎರಡು ಕಡ್ಡಿಗಳ ತುದಿಯ ಮಧ್ಯೆ ಬೆಳಕು ಉರಿಯುತ್ತದೆ. ಉರಿದ ಹಾಗೆ ಕಡ್ಡಿ ಸವೆಯುತ್ತದೆ. ನೋಡಿಕೊಂಡು ಹತ್ತಿರ ತರುತ್ತಾ ಇರಬೇಕು. ಅಂತರ ಜಾಸ್ತಿಯಾದರೆ ಆರಿ ಹೋಗುತ್ತದೆ.

ಒಂದು ಸಂಜೆ ಹಿಂದಿನ ಸಾಲಿನಿಂದ ಒಂದು ಗಂಡಸಿನ ಕೈ ಮುಂದೆ ಬಂತು. ಕೈಯಲ್ಲಿ ಕಡ್ಲೆಕಾಯಿ ಪೊಟ್ಟಣ. ಇವಳು ತಗೊ‌ಂಡಳು. ನಾನು ಕಿಂಡಿಗೆ ಅಂಟಿಕೊಂಡೆ. ಪರದೆ ಕೆಂಪಾಯಿತು, ಮಂಕಾಯಿತು, ಕತ್ತಲಾಯಿತು. ‘ಏಯ್ ಕಾರ್ಬನ್!’ ಅಂತ ಇಡೀ ಟಾಕೀಸು ಕೂಗಿತು. ಎಲ್ಲರೂ ಹಿಂದೆ ತಿರುಗಿದರು, ಇವಳೂ ತಿರುಗಿದಳು. ಕ್ಯಾಬಿನ್ ಬಲ್ಬಿನ ಬೆಳಕಿಗೆ ಕಿಂಡಿಯಲ್ಲಿ ಅವಳಿಗೆ ಕಂಡದ್ದು ಒಂದು ಕಣ್ಣು ಮಾತ್ರವಂತೆ. ಇದನ್ನು ಹೇಳಿದ್ದು ಮೊನ್ನೆ. ನಲವತ್ತು ವರ್ಷ ಇಟ್ಟುಕೊಂಡಿದ್ದಳು.

ಪೊಟ್ಟಣ ಕೊಟ್ಟವನು ಪಕ್ಕದ ಮನೆ ಅಕ್ಕನ ತಮ್ಮ. ಅಕ್ಕನಿಗೆ ಕೊಡಲು ಇವಳು ಕೈ ದಾಟಿಸಿದಳು. ಅವತ್ತು ರಾತ್ರಿಯೇ ನನಗೆ ಗೊತ್ತಾಯಿತು. ಗೊತ್ತಾದ ಮೇಲೂ ಅದು ಹೋಗಲಿಲ್ಲ. ಬೇರೆ ಕಡೆ ಹೋಗಿ ಕೂತಿತು.

ಒಂದು ಮಧ್ಯಾಹ್ನ ಹಿತ್ತಲ ಕಲ್ಲಿನ ಮೇಲೆ ಎರಡು ಒದ್ದೆ ಲೋಟ. ‘ಯಾರು ಬಂದಿದ್ದರು?’ ಅಂದೆ. ‘ಯಾರೂ ಇಲ್ಲ. ಒಂದು ಬೆಳಗ್ಗಿನ ಕಾಫಿದು, ಒಂದು ಈಗಿನದು.’ ಮಾರನೇ ದಿನದಿಂದ ಇವಳು ಕಾಫಿ ಕುಡಿದ ಕೂಡಲೇ ಲೋಟ ತೊಳೆದು, ಒರೆಸಿ, ಗೂಡಿನಲ್ಲಿ ಕವುಚಿ ಇಡತೊಡಗಿದಳು. ನನ್ನ ಪ್ರಶ್ನೆಗೆ ಹೆದರಿ. ನನ್ನ ತಲೆಗೆ ಬಂದದ್ದೇನು ಗೊತ್ತಾ? ಯಾಕೆ ಇಷ್ಟು ಬೇಗ ತೊಳೆದಳು? ಏನು ಮುಚ್ಚಿಡುತ್ತಿದ್ದಾಳೆ?

ನೀವು ಮೆಸೇಜು ಅಳಿಸಲು ಶುರು ಮಾಡಿದ್ದೀರಾ ತಂಗಿ? ದೊಡ್ಡಪ್ಪನ ಮಗ ಕಳಿಸಿದ ಗುಡ್ ಮಾರ್ನಿಂಗನ್ನೂ? ಹಾಗಿದ್ದರೆ ನಿಮ್ಮ ಫೋನು ನಮ್ಮ ಮನೆಯ ಲೋಟ ಆಗಿದೆ. ಲೆಕ್ಕ ಒಪ್ಪಿಸಿ ಒಪ್ಪಿಸಿ ಇದನ್ನು ತೀರಿಸಬಹುದು ಅಂದುಕೊಳ್ಳಬೇಡಿ. ನೀವು ಹುಷಾರಾದಷ್ಟೂ ಅವರಿಗೆ ಅದೇ ಸಾಕ್ಷಿ.

ಶೇಕ್ಸ್‌ಪಿಯರ್ ನಾಟಕದಲ್ಲಿ ಒಥೆಲೋ ಹೆಂಡತಿಯನ್ನು ಕೊಲ್ಲಲು ಒಂದು ಕರ್ಚೀಫು ಸಾಕಾಯಿತು. ಅದನ್ನು ಬಸವಪ್ಪ ಶಾಸ್ತ್ರಿಗಳು ಹಿಂದೆಯೇ ‘ಶೂರಸೇನ ಚರಿತ್ರೆ’ ಅಂತ ಕನ್ನಡಕ್ಕೆ ತಂದಿದ್ದರು. 2006ರ ಹಿಂದಿ ‘ಓಂಕಾರ’ದಲ್ಲಿ ಕರ್ಚೀಫಿನ ಜಾಗಕ್ಕೆ ಸೊಂಟದ ಡಾಬು ಬಂತು. ಊರು ಬದಲಾದರೆ ಸಾಮಾನು ಬದಲಾಗುತ್ತದೆ. ಈ ಅನುಮಾನದ ಕಾಯಿಲೆಗೆ ಡಾಕ್ಟರುಗಳು ಇಟ್ಟ ಹೆಸರೂ ‘ಒಥೆಲೋ ಸಿಂಡ್ರೋಮ್’. 1955ರಲ್ಲಿ ಟಾಡ್ ಮತ್ತು ಡ್ಯೂಹರ್ಸ್ಟ್ ಅನ್ನುವ ಇಬ್ಬರು ಇಟ್ಟದ್ದು. ಕುಡಿತ ಸೇರಿದರೆ ಇದು ಜೋರಾಗುತ್ತದೆ. ನನಗೂ ಸೆಕೆಂಡ್ ಶೋ ಮುಗಿದ ಮೇಲೆ ಒಂದು ಅಭ್ಯಾಸ ಇತ್ತು.

ಇವಳು ಆ ವರ್ಷ ಶ್ರಾವಣಕ್ಕೆ ಕೊಪ್ಪದ ತವರಿಗೆ ಹೋದವಳು ದೀಪಾವಳಿಗೂ ಬರಲಿಲ್ಲ. ‘ನಿದ್ದೆ ಬರಲ್ಲ’ ಅಂತ ನೆಪ ಹೇಳಿಕೊಂಡು ನಾನು ಶಿವಮೊಗ್ಗದಲ್ಲಿ ಒಬ್ಬ ಡಾಕ್ಟರ ಹತ್ತಿರ ಹೋದೆ. ಅವರು ನಿದ್ದೆಯೊಂದನ್ನು ಬಿಟ್ಟು ಬಾಕಿ ಎಲ್ಲ ಕೇಳಿದರು. ಮಾತ್ರೆ ಕೊಟ್ಟರು, ಕುಡಿತ ಬಿಡಿಸಿದರು. ಎಂಟು ತಿಂಗಳು, ತಿಂಗಳಿಗೊಮ್ಮೆ ಬಸ್ಸು ಹತ್ತಿದೆ. ಇವಳು ವಾಪಸು ಬಂದಳು. ಲೋಟ ಕೂಡಲೇ ತೊಳೆಯುವುದನ್ನು ಮಾತ್ರ ಬಿಡಲಿಲ್ಲ. ಇವತ್ತಿಗೂ ಬಿಟ್ಟಿಲ್ಲ.

14416, ಟೆಲಿ ಮನಸ್, ಮನಸ್ಸಿನ ತೊಂದರೆಗಳಿಗೆ ಇರುವ ಸಹಾಯವಾಣಿ. 2022ರಲ್ಲಿ ಸರ್ಕಾರ ಶುರು ಮಾಡಿದ್ದು. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ನಿಮ್ಮವರು ಒಪ್ಪದಿದ್ದರೆ ಮೊದಲು ನೀವು ಮಾಡಿ. ಕೈ ಎತ್ತಿದರೆ ಮಾತ್ರ ಮಾತಿಗೆ ಕಾಯಬೇಡಿ. ಹೆಂಗಸರ ಸಹಾಯವಾಣಿ 181. ತವರಿನ ಒಬ್ಬರಿಗಾದರೂ ಇವತ್ತೇ ವಿಷಯ ಹೇಳಿ.

ಡಿಗ್ರಿ ಎರಡನೇ ವರ್ಷ. ಒಬ್ಬ ದಿನಾ ಬಸ್‌ಸ್ಟ್ಯಾಂಡಿನಿಂದ ಕಾಲೇಜ್ ಗೇಟಿನವರೆಗೂ ಹಿಂದೆ ಬರುತ್ತಾನೆ. ಬೇಡ ಅಂತ ಎರಡು ಸಲ ಹೇಳಿದೆ. ಈಗ ಇನ್‌ಸ್ಟಾದಲ್ಲಿ ಹೊಸ ಹೊಸ ಅಕೌಂಟಿನಿಂದ ಮೆಸೇಜು. ಗೆಳತಿಯರು ‘ಪಾಪ, ಎಷ್ಟು ಸಿನ್ಸಿಯರ್’ ಅಂತಾರೆ.
— ಓದುಗಿ, ತೀರ್ಥಹಳ್ಳಿ

ಪುಟ್ಟೀ, ದಿನಾ ತಪ್ಪದೆ ಬರುವುದೇ ಸಿನ್ಸಿಯರ್ ಆದರೆ ನಮ್ಮ ತೋಟಕ್ಕೆ ಬರುವ ಮಂಗನೂ ಸಿನ್ಸಿಯರ್. ಗೆಳತಿಯರಿಗೆ ಹಾಗೆ ಹೇಳು.

ಇದಕ್ಕೆ ಕಾನೂನು ಇದೆ. ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್. 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದಕ್ಕೆ ಮುಂಚೆ, 2013ರಿಂದ, ಐಪಿಸಿಯಲ್ಲಿ 354ಡಿ ಅಂತ ಇತ್ತು. ಹುಡುಗಿ ಬೇಡ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಪದೇ ಪದೇ ಹಿಂದೆ ಬೀಳುವುದು, ಮಾತಾಡಿಸಲು ನೋಡುವುದು, ಅವಳು ಇಂಟರ್ನೆಟ್ಟಿನಲ್ಲಿ ಏನು ಮಾಡುತ್ತಾಳೆ ಅಂತ ಕಣ್ಣಿಡುವುದು, ಎಲ್ಲ ಅಪರಾಧ. ಮೊದಲ ಸಲ ಸಾಬೀತಾದರೆ 3 ವರ್ಷದವರೆಗೆ ಜೈಲು, ದಂಡ. ಮತ್ತೆ ಮಾಡಿದರೆ 5 ವರ್ಷದವರೆಗೆ.

ಎರಡು ಸಲ ಹೇಳಿದ್ದೀಯ, ಸಾಕು. ಮೂರನೇ ಸಲ ವಿವರಿಸಲು ಹೋಗಬೇಡ, ಅವನಿಗೆ ಅದೂ ಮಾತುಕತೆಯೇ. ಅಸಹ್ಯ ಅಂತ ಮೆಸೇಜು ಅಳಿಸಬೇಡ, ಫೋಟೋ ತೆಗೆದು ಇಟ್ಟುಕೋ. ದಿನ, ಹೊತ್ತು, ಜಾಗ ಒಂದು ಪುಸ್ತಕದಲ್ಲಿ ಬರೆ. ಮನೆಯಲ್ಲಿ ಹೇಳು. ಕಾಲೇಜು ಬಿಡಿಸುತ್ತಾರೆ ಅಂತ ಹೆದರಿಕೆ ಇದ್ದರೆ ಮೊದಲು ನಿನ್ನ ಕಡೆ ನಿಲ್ಲುವ ಮೇಡಂ ಒಬ್ಬರಿಗೆ ಹೇಳಿ, ಅವರನ್ನು ಕರೆದುಕೊಂಡು ಹೋಗಿ ಮನೆಯಲ್ಲಿ ಹೇಳು. ದಾರಿಯಲ್ಲಿ ಹೆದರಿಕೆ ಆದರೆ ತುರ್ತು ನಂಬರ್ 112ಕ್ಕೆ ಫೋನ್ ಮಾಡು. ಓಡಬೇಕಾದವಳು ನೀನಲ್ಲ.

ಇಂಥ ಸಿನಿಮಾ ನೋಡಿಯೇ ಹುಡುಗರು ಕೆಡುತ್ತಿರುವುದು. ಬ್ಯಾನ್ ಮಾಡಬೇಕು. ಏನಂತೀರಿ?
— ಓದುಗರು, ನರಸಿಂಹರಾಜಪುರ

ನಾನು ದಿನಕ್ಕೆ ಮೂರು ಆಟ ನೋಡಿದವನು. ನಿಮ್ಮ ಲೆಕ್ಕದಲ್ಲಿ ನಾನು ಇಷ್ಟು ಹೊತ್ತಿಗೆ ಜೈಲಿನಲ್ಲಿ ಇರಬೇಕಿತ್ತು. ಸಿನಿಮಾ ಆ ಕಾಯಿಲೆ ತರುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಬಂದ ಕಾಯಿಲೆಗೆ ಡೈಲಾಗು ಬರೆದು ಕೊಡುತ್ತದೆ, ಅದು ನಿಜ. ಲೋಟದ ಜಗಳದಲ್ಲಿ ನಾನು ಇವಳಿಗೆ ಹೇಳಿದ ಮಾತುಗಳಲ್ಲಿ ಅರ್ಧ ಆ ವಾರದ ಸಿನಿಮಾದ್ದು. ಇವಳಿಗೆ ಗೊತ್ತಾಗಿ ಹೋಗಿತ್ತು. ಮ್ಯಾಟಿನಿಗೆ ಬಂದಿದ್ದಳಲ್ಲ.

ಆಪರೇಟರ್ ಹೆಂಡತಿಗೆ ಎಲ್ಲ ಸಿನಿಮಾ ಫ್ರೀ ಅಲ್ವಾ? ಪುಣ್ಯವಂತೆ!
— ಓದುಗಿ, ಶೃಂಗೇರಿ

ಫ್ರೀ ಅಮ್ಮಾ. ಆದರೆ ನಮ್ಮನೆಯವಳು 1985ರಿಂದ ದುಡ್ಡು ಕೊಟ್ಟು ಬಾಲ್ಕನಿ ಟಿಕೆಟ್ ತಗೊಂಡೇ ಬರುತ್ತಿದ್ದಳು. ಬಾಲ್ಕನಿಯ ಕೊನೆಯ ಸಾಲಿಗೆ. ನಾನು ದುಂದು ಅಂತ ಬೈಯುತ್ತಿದ್ದೆ. ಆ ಸಾಲು ಕ್ಯಾಬಿನ್ ಗೋಡೆಗೆ ತಾಗಿಕೊಂಡೇ ಇದೆ. ಕಿಂಡಿಯಿಂದ ಕಾಣುವುದಿಲ್ಲ.